ಹಾಲು ಅನ್ನದ ವೈದ್ಯರು

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ಕನ್ನಡಿಗರು ಸಂತೋಷದ ಸಂದರ್ಭದಲ್ಲಿಯೇ ಬಳಸುತ್ತಾರೆ. ಬಯಕೆಯೂ ಪಥ್ಯವೂ ಒಂದಾಗಿ ಒದಗಿಬಂದರೆ ಯಾರಿಗೆ ತಾನೆ ಹಿತವಲ್ಲ? ಆದರೆ ಈ ಗಾದೆಯ ಮಡಿಲಲ್ಲಿ ಸಣ್ಣದೊಂದು ಸಂಶಯವೂ ಅಡಗಿದೆ. ಪ್ರತಿ ಸಲವೂ ರೋಗಿ ಬಯಸಿದ್ದನ್ನೇ ಹೇಳುವವನು ವೈದ್ಯನೋ, ಹಾಲು ಅನ್ನದ ವ್ಯಾಪಾರಿಯೋ? ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡು ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಕೊಳ್ಳದೆಯೇ ಬಹುಕಾಲ ಬದುಕಿತು. ಅದಕ್ಕಾಗಿ ಜನ ತೆತ್ತದ್ದು ಹಣವೊಂದನ್ನೇ ಅಲ್ಲ.

ಆ ಕಾಲದ ರೋಗಿಯನ್ನು ಮೂಢನೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. 1831ರಲ್ಲಿ ಕಾಲರಾ ಮೊದಲ ಬಾರಿಗೆ ಇಂಗ್ಲೆಂಡನ್ನು ಹೊಕ್ಕಾಗ ಅದು ಏಕೆ ಬರುತ್ತದೆಂದು ಬಲ್ಲ ವೈದ್ಯನೇ ಇರಲಿಲ್ಲ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಖ್ ಕಂಡುಹಿಡಿದದ್ದು 1882ರಲ್ಲಿ. ಅಲ್ಲಿಯವರೆಗೆ ಪದವೀಧರ ವೈದ್ಯರ ಕೈಯಲ್ಲಿದ್ದ ಉಪಾಯಗಳಾದರೂ ಎಂಥವು? ನರ ಕೊಯ್ದು ರಕ್ತ ಹರಿಸುವುದು, ಜಿಗಣೆ ಕಚ್ಚಿಸುವುದು, ಪಾದರಸದ ಔಷಧವನ್ನು ಬಾಯಿ ಹುಣ್ಣಾಗುವವರೆಗೆ ಕೊಡುವುದು. ಇಷ್ಟರ ಮೇಲೆ ವೈದ್ಯನ ಶುಲ್ಕ ಕೂಲಿಯವನ ಕೈಗೆ ಎಟುಕುತ್ತಿರಲಿಲ್ಲ. ಹೀಗಿರುವಾಗ, ನೋವಿಲ್ಲ, ಕೊಯ್ತವಿಲ್ಲ, ಒಂದೇ ಡಬ್ಬಿಯಿಂದ ಸಕಲ ವ್ಯಾಧಿಯೂ ಗುಣವೆಂದು ವೃತ್ತಪತ್ರಿಕೆಯೊಂದು ಮನೆಯ ಬಾಗಿಲಿಗೇ ಬಂದು ಹೇಳಿದರೆ ಬಳಲಿದ ಮನಸ್ಸು ಅದರ ಕಡೆಗೆ ವಾಲದೆ ಇದ್ದೀತೆ?

ಹೀಗೆ ವಾಲುವ ಮನಸ್ಸನ್ನು ಚೆನ್ನಾಗಿ ಅರಿತವನು ತಾಮಸ್ ಹಾಲೋವೇ. 1800ರಲ್ಲಿ ಹುಟ್ಟಿದ ಈತ ವೈದ್ಯಶಾಸ್ತ್ರವನ್ನು ಓದಿದವನಲ್ಲ. 1837ರಲ್ಲಿ ಒಂದು ಮುಲಾಮನ್ನು ಲಂಡನ್ನಿನಲ್ಲಿ ಮಾರಲು ಹೊರಟ. ಬಳಿಕ ಗುಳಿಗೆಗಳೂ ಬಂದವು. ಮೊದಮೊದಲು ಗಳಿಕೆಗಿಂತ ಖರ್ಚೇ ಹೆಚ್ಚಾಗಿ ಸಾಲಗಾರರ ಸೆರೆಮನೆಯನ್ನೂ ಕಂಡ. ಆದರೂ ಜಾಹೀರಾತನ್ನು ಬಿಡಲಿಲ್ಲ. 1842ರಲ್ಲಿ ಅದಕ್ಕಾಗಿ ಅವನು ವೆಚ್ಚಮಾಡಿದ್ದು 5,000 ಪೌಂಡು. ಬಾಳಿನ ಕೊನೆಗಾಲಕ್ಕೆ ಆ ಮೊತ್ತ ವರ್ಷಕ್ಕೆ 40,000 ಪೌಂಡನ್ನು ಮೀರಿತ್ತು. ಗುಳಿಗೆಯಲ್ಲಿ ಇದ್ದದ್ದಾದರೂ ಏನು? ಭೇದಿ ಮಾಡಿಸುವ ಲೋಳೆಸರದ ಸತ್ತ್ವವೇ ಮೊದಲಾದ ಅಗ್ಗದ ಸಾಮಗ್ರಿಗಳು. ಹೊಟ್ಟೆ ಕಟ್ಟಿದವನಿಗೆ ಅದರಿಂದ ಉಪಕಾರವಾದದ್ದು ನಿಜ. ಆ ಒಂದು ಸಣ್ಣ ಸತ್ಯದ ಬೆನ್ನೇರಿ ನೂರು ದೊಡ್ಡ ಸುಳ್ಳುಗಳು ದೇಶಾಂತರ ಪ್ರಯಾಣ ಮಾಡಿದವು.

ಇಂಥ ಔಷಧಗಳಿಗೆ ‘ಪೇಟೆಂಟ್ ಔಷಧ’ವೆಂಬ ಹೆಸರು ಹತ್ತಿದ್ದೇ ಒಂದು ವಿನೋದ. ಪೇಟೆಂಟ್ ಪಡೆಯಬೇಕಾದರೆ ತಯಾರಿಕೆಯ ಗುಟ್ಟನ್ನು ಬಿಚ್ಚಿ ಹೇಳಬೇಕು. ಗುಟ್ಟು ಹೊರಬಿದ್ದರೆ ಈ ವ್ಯಾಪಾರವೇ ಉಳಿಯದು. ಆದ್ದರಿಂದ ಇವುಗಳಲ್ಲಿ ಬಹುಪಾಲಿಗೆ ಪೇಟೆಂಟೇ ಇರಲಿಲ್ಲ. ಇದ್ದದ್ದು ಸರ್ಕಾರದ ತೆರಿಗೆ ಚೀಟಿ. 1783ರಿಂದ ಇಂಥ ಔಷಧಗಳ ಮೇಲೆ ಮುದ್ರಾಂಕದ ಸುಂಕವಿತ್ತು. ಒಂದು ಷಿಲಿಂಗಿನ ಡಬ್ಬಿಗೆ ಒಂದೂವರೆ ಪೆನ್ನಿಯ ಚೀಟಿ ಅಂಟಿಸಬೇಕು. ಸರ್ಕಾರ ಅಂಟಿಸಿದ್ದು ತನ್ನ ಬೊಕ್ಕಸಕ್ಕಾಗಿ. ಜನ ಅದನ್ನು ಓದಿಕೊಂಡದ್ದು ಔಷಧದ ಯೋಗ್ಯತಾಪತ್ರವೆಂದು. ಆ ಭ್ರಮೆಯನ್ನು ಕಳೆಯಲು ವ್ಯಾಪಾರಿಗೂ ಅವಸರವಿರಲಿಲ್ಲ, ಬೊಕ್ಕಸಕ್ಕೂ ಅವಸರವಿರಲಿಲ್ಲ.

ಹಡಗು ಹೋದಲ್ಲೆಲ್ಲ ಡಬ್ಬಿಯೂ ಹೋಯಿತು. ಡಬ್ಬಿಯ ಹಿಂದೆಯೇ ಜಾಹೀರಾತಿನ ವೈದ್ಯನೂ ಹೋದ. ಆಸ್ಟ್ರೇಲಿಯದಲ್ಲಿ ರಾಣಿಯ ಹೆಸರನ್ನೇ ಹೊತ್ತ ವಿಕ್ಟೋರಿಯಾ ವಸಾಹತಿನಲ್ಲಿ 1851ರಲ್ಲಿ ಚಿನ್ನ ಸಿಕ್ಕಿತು. ಮರುವರ್ಷವೇ ಲೂಯಿ ಲಾರೆನ್ಸ್ ಸ್ಮಿತ್ ಎಂಬ ತರುಣ ವೈದ್ಯ ಮೆಲ್ಬೋರ್ನಿಗೆ ಬಂದಿಳಿದ. ಈತ ಓದಿದವನೇ, ಆದರೆ ವೈದ್ಯವೃತ್ತಿಯ ಬಿಗುಮಾನವನ್ನು ಬದಿಗಿಟ್ಟು ಪತ್ರಿಕೆಗಳಲ್ಲಿ ತನ್ನ ಹೆಸರನ್ನು ಸಾರಿದವನು. ಕಾಗದ ಬರೆದು ಒಂದು ಪೌಂಡು ಕಳಿಸಿದರೆ ಅಂಚೆಯಲ್ಲಿಯೇ ಚಿಕಿತ್ಸೆ! ನಾಡಿ ಹಿಡಿಯದೆ, ನಾಲಿಗೆ ನೋಡದೆ ರೋಗನಿರ್ಣಯ! ಸಹೋದ್ಯೋಗಿಗಳು ಮೂಗು ಮುರಿದರು. ಮತದಾರರು ಮಾತ್ರ ಅವನನ್ನು 1859ರಲ್ಲಿ ಶಾಸನಸಭೆಗೆ ಆರಿಸಿದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು, ವೈದ್ಯನಿಲ್ಲದ ಕಾಡುಮೇಡಿನಲ್ಲಿ ಡೇರೆ ಹೂಡಿ ಮಣ್ಣು ಅಗೆಯುತ್ತಿದ್ದವನಿಗೆ ತನ್ನ ನೋವನ್ನು ಹೇಳಿಕೊಳ್ಳಲು ಒಂದು ವಿಳಾಸ ಬೇಕಾಗಿತ್ತು. ಆ ವಿಳಾಸವನ್ನು ಜಾಹೀರಾತು ಒದಗಿಸಿತು.

ಭಾರತಕ್ಕೂ ಈ ಕಥೆಯಲ್ಲಿ ಪಾಲುಂಟು. ಇಲ್ಲಿನ ಬ್ರಿಟಿಷ್ ಸೈನ್ಯದಲ್ಲಿ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ ಎಂಬಾತ 1848ರಲ್ಲಿ ಕಾಲರಾದ ಉಪಶಮನಕ್ಕೆಂದು ಒಂದು ದ್ರಾವಣವನ್ನು ಬೆರೆಸಿದ. ಅಫೀಮು, ಭಂಗಿ, ಕ್ಲೋರೋಫಾರಂ ಕೂಡಿದ ಆ ದ್ರವವೇ ಮುಂದೆ ‘ಕ್ಲೋರೋಡೈನ್’ ಎಂದು ಲೋಕಪ್ರಸಿದ್ಧವಾಯಿತು. ನೋವು ಅಡಗುತ್ತಿತ್ತು, ಭೇದಿ ನಿಲ್ಲುತ್ತಿತ್ತು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಲರಾ ಗುಣವಾಗುತ್ತಿರಲಿಲ್ಲ. ನೋವು ಹೋದ ಮೇಲೂ ಸೀಸೆಯನ್ನು ಬಿಡಲಾರದೆ ಅದಕ್ಕೆ ದಾಸರಾದವರು ಹಲವರು.

ಇಲ್ಲಿಯವರೆಗೆ ನಗೆಗೆ ಅವಕಾಶವಿದ್ದರೂ ಇನ್ನು ಮುಂದಿಲ್ಲ. ‘ಗಾಡ್‌ಫ್ರೇ ಕಾರ್ಡಿಯಲ್’ ಎಂಬ ಇನ್ನೊಂದು ಸೀಸೆಯಿತ್ತು. ಸಕ್ಕರೆಯ ಪಾಕದಲ್ಲಿ ಕದಡಿದ ಅಫೀಮು ಅದು. ಕೊಡುತ್ತಿದ್ದುದು ಎಳೆಯ ಕೂಸುಗಳಿಗೆ. ಬೆಳಗಾಗುವ ಮುನ್ನ ಗಿರಣಿಗೆ ಹೋಗಿ ಕತ್ತಲಾದ ಮೇಲೆ ಮರಳುವ ತಾಯಿ ಮಗುವನ್ನು ನೆರೆಯ ಮುದುಕಿಯ ಬಳಿ ಬಿಡುತ್ತಿದ್ದಳು. ಅತ್ತ ಮಗುವಿಗೆ ಒಂದು ಚಮಚ, ಮಗು ಮಲಗಿತು. ಮತ್ತೆ ಅತ್ತರೆ ಮತ್ತೊಂದು ಚಮಚ. ನಿದ್ದೆಯಲ್ಲಿ ಹಸಿವು ತಿಳಿಯದೆ, ಹಾಲು ಕುಡಿಯದೆ ಮಕ್ಕಳು ಸೊರಗಿದವು. ಎಷ್ಟೋ ಮಕ್ಕಳು ಏಳಲೇ ಇಲ್ಲ. ಆ ತಾಯಿಯನ್ನು ದೂರುವುದು ಹೇಗೆ? ಸೀಸೆಯಲ್ಲಿ ಏನಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ವಿಷಗಳ ಮಾರಾಟಕ್ಕೆ ಕಟ್ಟುಪಾಡು ತಂದ 1868ರ ಶಾಸನವೂ ಪೇಟೆಂಟ್ ಔಷಧಗಳನ್ನು ತನ್ನ ಹಿಡಿತದಿಂದ ಹೊರಗಿಟ್ಟಿತ್ತು. ವಿಷವನ್ನು ಬಿಡಿಯಾಗಿ ಮಾರಿದರೆ ನಿರ್ಬಂಧ. ಪಾಕದಲ್ಲಿ ಬೆರೆಸಿ ಹೆಸರಿಟ್ಟು ಮಾರಿದರೆ ವಿನಾಯಿತಿ!

ಜಾಹೀರಾತಿನ ಮಾತಿಗೂ ಹೊಣೆಯುಂಟೆಂದು ತೋರಿಸಿಕೊಟ್ಟವಳು ಒಬ್ಬ ಗೃಹಿಣಿ. ಕಾರ್ಬಾಲಿಕ್ ಪುಡಿ ತುಂಬಿದ ರಬ್ಬರ್ ಚೆಂಡೊಂದನ್ನು ಮೂಗಿಗೆ ಹಿಡಿದು ವಿಧಿಪೂರ್ವಕವಾಗಿ ಸೇದಿದವರಿಗೆ ಇನ್‌ಫ್ಲೂಯೆಂಜ ಜ್ವರ ಬಂದರೆ 100 ಪೌಂಡು ಕೊಡುವುದಾಗಿಯೂ, ಅದಕ್ಕೆ ಸಾಕ್ಷಿಯಾಗಿ 1,000 ಪೌಂಡನ್ನು ಬ್ಯಾಂಕಿನಲ್ಲಿ ಇಟ್ಟಿರುವುದಾಗಿಯೂ ಅದರ ತಯಾರಕರು 1891ರಲ್ಲಿ ಪ್ರಕಟಿಸಿದರು. ಶ್ರೀಮತಿ ಕಾರ್ಲಿಲ್ ದಿನಕ್ಕೆ ಮೂರು ಬಾರಿಯಂತೆ ಸುಮಾರು ಎರಡು ತಿಂಗಳು ಸೇದಿದಳು. ಜ್ವರ ಬಂದೇ ಬಂತು. ಹಣ ಕೇಳಿದಾಗ, ಅದು ಬರಿಯ ಬಾಯಿಮಾತಿನ ಬಡಾಯಿ ಎಂದು ಕಂಪೆನಿ ವಾದಿಸಿತು. ಮೇಲ್ಮನವಿಯ ನ್ಯಾಯಾಲಯ 1892ರಲ್ಲಿ ಆ ವಾದವನ್ನು ತಳ್ಳಿ ಹಣ ಕೊಡಿಸಿತು. ಆ ತೀರ್ಪನ್ನು ಕರ್ನಾಟಕದ ಕಾನೂನು ವಿದ್ಯಾರ್ಥಿಗಳೂ ಓದುತ್ತಾರೆ.

ಗುಟ್ಟನ್ನು ಒಡೆದವರು ವೈದ್ಯರೇ. ಬ್ರಿಟಿಷ್ ವೈದ್ಯಕೀಯ ಸಂಘ 1909ರಲ್ಲಿ ಇಂಥ ಔಷಧಗಳನ್ನು ಪೃಥಕ್ಕರಿಸಿ, ಒಳಗಿನ ವಸ್ತುಗಳನ್ನೂ ಅವುಗಳ ಬೆಲೆಯನ್ನೂ ಅಚ್ಚುಹಾಕಿಸಿತು. ಡಬ್ಬಿಗೊಂದು ಗಿನಿ ಬಾಳುತ್ತದೆಂದು ಸಾರಿಕೊಂಡಿದ್ದ ಬೀಚಮ್ ಗುಳಿಗೆಗಳಲ್ಲಿ ಲೋಳೆಸರದ ಸತ್ತ್ವ, ಶುಂಠಿ, ಸಾಬೂನು ಇದ್ದವು. ಡಬ್ಬಿಯೊಂದರ ಸಾಮಗ್ರಿಯ ಬೆಲೆ ಅರ್ಧ ಫಾರ್ದಿಂಗ್, ಎಂದರೆ ಪೆನ್ನಿಯ ಎಂಟನೆಯ ಒಂದು ಪಾಲು! ಆದರೂ ಒಳಗಿನ ವಸ್ತುಗಳ ಹೆಸರನ್ನು ಹೊರಗೆ ಬರೆಯಲೇಬೇಕೆಂಬ ಶಾಸನ ಅಲ್ಲಿ ಬಂದದ್ದು 1941ರಲ್ಲಿ. ಭಾರತದಲ್ಲಿ ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತನ್ನು ತಡೆಯುವ ಕಾಯಿದೆ 1954ರಲ್ಲಿ ಬಂತು. ಶಾಸನ ಇಷ್ಟು ತಡವಾದದ್ದಕ್ಕೆ ಪತ್ರಿಕೆಗಳೂ ಹೊಣೆ. ಔಷಧದ ಜಾಹೀರಾತಿನ ಹಣದಿಂದ ಅಚ್ಚಾಗುತ್ತಿದ್ದ ಹಾಳೆ ಔಷಧದ ಗುಟ್ಟನ್ನು ಹೇಳಲು ಹಿಂಜರಿದದ್ದು ಸಹಜ.

ಹಾಲೋವೇ 1883ರಲ್ಲಿ ತೀರಿಕೊಂಡ. ಗುಳಿಗೆಯ ಹಣದಿಂದ ಅವನು ಕಟ್ಟಿಸಿದ ಮಾನಸಿಕ ಆರೋಗ್ಯಧಾಮ 1885ರಲ್ಲಿಯೂ, ಹೆಣ್ಣುಮಕ್ಕಳ ಕಾಲೇಜು 1886ರಲ್ಲಿಯೂ ತೆರೆದವು. ಕಾಲೇಜನ್ನು ತೆರೆದವಳು ವಿಕ್ಟೋರಿಯಾ ರಾಣಿಯೇ. ಆ ಕಾಲೇಜು ಇಂದಿಗೂ ಲಂಡನ್ ವಿಶ್ವವಿದ್ಯಾಲಯದ ಅಂಗವಾಗಿ ಬಾಳುತ್ತಿದೆ. ಓದು ಬಾರದವರ ನಂಬಿಕೆಯಿಂದ ಕೂಡಿದ ಕಾಸು ಓದಿನ ಮನೆಯಾದದ್ದು ವಿಧಿಯ ವಿಚಿತ್ರ. ಅದು ಪ್ರಾಯಶ್ಚಿತ್ತವೋ, ಕೀರ್ತಿಯ ಆಸೆಯೋ ಎಂದು ತೂಗುವುದು ವ್ಯರ್ಥ. ಎರಡೂ ಒಂದೇ ಎದೆಯಲ್ಲಿ ಇರಬಲ್ಲವು.

ಡಬ್ಬಿಗಳು ಹೋದವು, ಅವುಗಳನ್ನು ಕೊಳ್ಳುವ ಮನಸ್ಸು ಹೋಗಿಲ್ಲ. ಇಂದು ಅದೇ ಮಾತು ಕೈಯಲ್ಲಿನ ಫೋನಿನ ಮೇಲೆ ಹೊಳೆಯುತ್ತದೆ, ಅದೂ ನಿದ್ದೆ ಬಾರದ ನಡುರಾತ್ರಿಯಲ್ಲಿ. ಅದನ್ನು ಗೆಲ್ಲಲು ಕಾಯಿದೆಯೊಂದೇ ಸಾಲದು. ಬಯಸಿದ್ದನ್ನು ಹೇಳುವವರು ಎಂದಿಗೂ ಸಿಗುತ್ತಾರೆ. ‘ಹಾಲು ಅನ್ನ ಈಗ ಬೇಡ’ ಎಂದು ಹೇಳಿ, ಹೇಳಿದ ಮೇಲೂ ಎದ್ದುಹೋಗದೆ ಹಾಸಿಗೆಯ ಬಳಿ ಅರೆಗಳಿಗೆ ಕುಳಿತುಕೊಳ್ಳುವ ವೈದ್ಯನೇ ಅಪರೂಪ. ಅಂಥವನು ಇಲ್ಲದ ಮನೆಯಲ್ಲಿಯೇ ಜಾಹೀರಾತು ಮಂಚದ ಪಕ್ಕದ ಪೀಠವನ್ನು ಹಿಡಿಯುತ್ತದೆ.