ಹೊಸ ವಿಳಾಸಕ್ಕೂ ಬಂದ ಹಳೆಯ ದಂಡ

ಇಳಕಲ್ಲಿನ ನೇಕಾರರ ಸೀರೆ ಮಾರುವ ಅಂಗಡಿ ನಮ್ಮದು. ಅಪ್ಪನ ಕಾಲದಲ್ಲಿ ಗಿರಾಕಿಗಳೆಂದರೆ ಊರಿನವರು, ಸುತ್ತಲ ಹಳ್ಳಿಯವರು, ಸೊಲ್ಲಾಪುರ ಮತ್ತು ಪುಣೆಯ ವ್ಯಾಪಾರಿಗಳು. ಅಣ್ಣ ವೆಬ್‌ಸೈಟ್ ಮಾಡಿಸಿದ ಮೇಲೆ ಅಮೆರಿಕದಲ್ಲಿ ನೆಲೆಸಿದ ನಮ್ಮ ಕಡೆಯ ಹೆಣ್ಣುಮಕ್ಕಳೂ ಚಿಕ್ಕಿಪರಾಸ ಅಂಚಿನ, ಟೋಪ ತೆನಿ ಸೆರಗಿನ ಸೀರೆ ತರಿಸಿಕೊಳ್ಳತೊಡಗಿದರು. ಹುಡುಕಾಟದಲ್ಲಿ ಸೈಟು ಮೇಲೆ ಬರುವಂತೆ ನೋಡಿಕೊಳ್ಳುವ ಕೆಲಸವನ್ನು ಅಣ್ಣ ಬೆಂಗಳೂರಿನ ಒಂದು ಏಜೆನ್ಸಿಗೆ ಕೊಟ್ಟಿದ್ದ. ಅವನು ನೌಕರಿಗೆ ಹೋದಾಗ ಆ ಹೊಣೆ ನನ್ನ ಪಾಲಿಗೆ ಬಂತು.

2013ರ ಮದುವೆ ಸುಗ್ಗಿಯಲ್ಲೇ ಆರ್ಡರುಗಳು ಬರುವುದು ನಿಂತುಹೋಯಿತು. ಇಳಕಲ್ ಸೀರೆ ಎಂದು ಹುಡುಕಿದರೆ ಮೊದಲ ಪುಟದಲ್ಲಿರುತ್ತಿದ್ದ ನಮ್ಮ ಸೈಟು ಎಷ್ಟು ಪುಟ ದಾಟಿದರೂ ಸಿಗಲಿಲ್ಲ. ಅಂಗಡಿಯ ಪೂರ್ತಿ ಹೆಸರು ಹೊಡೆದರೂ ಬೇರೆಯವರ ಪುಟಗಳೇ ಬಂದವು. ಸೈಟಿನ ಖಾತೆಗಳೆಲ್ಲ ಏಜೆನ್ಸಿಯವರ ಕೈಯಲ್ಲಿದ್ದವು. ಜಗಳ ಮಾಡಿ ಪಾಸ್‌ವರ್ಡ್ ತೆಗೆದುಕೊಂಡು ಒಳಗೆ ನೋಡಿದಾಗ ಸರ್ಚ್ ಎಂಜಿನ್ ಕಳಿಸಿದ ನೋಟಿಸು ಅಲ್ಲೇ ಬಿದ್ದಿತ್ತು. ನಿಮ್ಮ ಸೈಟಿಗೆ ಅಸಹಜವಾದ ಲಿಂಕುಗಳಿವೆ, ಅದಕ್ಕಾಗಿ ಕ್ರಮ ಕೈಗೊಳ್ಳಲಾಗಿದೆ ಎಂಬುದು ಅದರ ಸಾರ. ಏಜೆನ್ಸಿಯವರು ಅದನ್ನು ನೋಡಿದ್ದರು, ನಮಗೆ ಹೇಳಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ 1998ರಲ್ಲಿ ಗೂಗಲ್ ಶುರು ಮಾಡಿದಾಗ ಅದರ ತಳಹದಿಯಲ್ಲಿದ್ದ ವಿಚಾರ ಸರಳ: ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಬಗೆಯ ಮತ. ಒಳ್ಳೆಯ ಪುಟಗಳಿಂದ ಹೆಚ್ಚು ಮತ ಬಂದ ಪುಟ ಮೇಲೆ ಬರುತ್ತದೆ. ಮತಕ್ಕೆ ಬೆಲೆ ಬಂದ ಕೂಡಲೇ ಅದನ್ನು ಕೊಳ್ಳುವವರೂ ಮಾರುವವರೂ ಹುಟ್ಟಿಕೊಂಡರು. ಇದನ್ನು ಹಿಡಿಯಲೆಂದೇ ಗೂಗಲ್ 2012ರ ಏಪ್ರಿಲ್ 24ರಂದು ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಅದು ಯಂತ್ರದ ಲೆಕ್ಕ. ಇದಲ್ಲದೆ ನೌಕರರೇ ಕೂತು ನೋಡಿ ಹಾಕುವ ದಂಡ ಬೇರೆ ಇದೆ. ನಮಗೆ ಬಿದ್ದದ್ದು ಈ ಎರಡನೆಯ ಬಗೆಯದು.

ನಮಗೆ ಲಿಂಕ್ ಕೊಟ್ಟವರ ಪಟ್ಟಿ ತೆಗೆದು ನೋಡಿದಾಗ ಕೈಕಾಲು ತಣ್ಣಗಾದವು. ಜೂಜಿನ ಸೈಟುಗಳು, ಔಷಧಿ ಮಾರುವ ಪುಟಗಳು, ನಮಗೆ ಓದಲೂ ಬಾರದ ಭಾಷೆಗಳ ಡೈರೆಕ್ಟರಿಗಳು. ಎಲ್ಲ ಕಡೆಯೂ ಅಕ್ಷರ ತಪ್ಪದೆ ಅದೇ ಮಾತು: ‘ಬೈ ಇಳಕಲ್ ಸಾರೀಸ್ ಆನ್‌ಲೈನ್’. ಸೀರೆ ಉಟ್ಟು ಮೆಚ್ಚಿದವರು ಬರೆದರೆ ಒಬ್ಬರು ಅಂಗಡಿಯ ಹೆಸರು ಹಾಕುತ್ತಾರೆ, ಒಬ್ಬರು ಊರಿನ ಹೆಸರು, ಒಬ್ಬರು ‘ಇಲ್ಲಿ ತಗೊಂಡೆ’ ಎಂದಷ್ಟೇ ಬರೆಯುತ್ತಾರೆ. ನೂರಾರು ಅಪರಿಚಿತರು ಒಂದೇ ವಾಕ್ಯ ಬರೆದಿದ್ದಾರೆ ಎಂದರೆ ಅದನ್ನು ದುಡ್ಡು ಕೊಟ್ಟು ಬರೆಸಿದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಏಜೆನ್ಸಿಯವರು ಹೇಳಿದ ಪರಿಹಾರ ಹೊಸ ಡೊಮೇನ್. ಹೊಸ ಹೆಸರು ಕೊಂಡು, ಹಳೆಯ ಸೈಟಿನ ಪ್ರತಿ ಪುಟವನ್ನೂ 301 ರೀಡೈರೆಕ್ಟ್ ಮೂಲಕ ಹೊಸದಕ್ಕೆ ತಿರುಗಿಸಿದರು. ಹಳೆಯ ಗಿರಾಕಿಗಳು ತಾವಾಗಿಯೇ ಹೊಸ ಸೈಟಿಗೆ ಬರುತ್ತಾರೆ, ದಂಡ ಹಳೆಯ ಹೆಸರಿನ ಮೇಲೆ ಉಳಿಯುತ್ತದೆ ಎಂದು ಭರವಸೆ ಕೊಟ್ಟರು. ಕೆಲವು ವಾರ ಹಾಗೆಯೇ ಕಂಡಿತು. ಹೊಸ ಸೈಟು ಮೇಲೆ ಬಂತು, ಆರ್ಡರು ಬಂದವು, ಬಾಕಿ ಇದ್ದ ಮಜೂರಿಯನ್ನೂ ಕೊಟ್ಟೆವು. ಪಂಚಮಿ ಹಬ್ಬದ ಹೊತ್ತಿಗೆ ಅದೂ ಮುಳುಗಿತು. ಹೊಸ ಡೊಮೇನಿನ ಹೆಸರಿಗೇ ಅಂಥದೇ ನೋಟಿಸು ಬಂತು.

301 ಎಂದರೆ ಈ ಪುಟ ಶಾಶ್ವತವಾಗಿ ಅಲ್ಲಿಗೆ ಹೋಗಿದೆ ಎಂದು ಸರ್ಚ್ ಎಂಜಿನ್ನಿಗೆ ಕೊಡುವ ಹೇಳಿಕೆ. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸ ಬರೆದುಕೊಟ್ಟರೆ ಮದುವೆ ಕರೆಯೋಲೆಯ ಜೊತೆಗೆ ಸಾಲದ ನೋಟಿಸೂ ಅಲ್ಲಿಗೇ ಬರುತ್ತದೆ, ಇದೂ ಹಾಗೆಯೇ. ಹಳೆಯ ಪುಟಕ್ಕಿದ್ದ ಲಿಂಕುಗಳೆಲ್ಲ ಹೊಸ ಪುಟದ ಲೆಕ್ಕಕ್ಕೆ ಸೇರುತ್ತವೆ. ಒಳ್ಳೆಯವನ್ನು ಮಾತ್ರ ಆರಿಸಿ ದಾಟಿಸುವ ದಾರಿ ಅದರಲ್ಲಿಲ್ಲ.

ಆ ದಿನಗಳಲ್ಲಿ ಅತಿ ಕಷ್ಟವಾದದ್ದು ನೇಕಾರರಿಗೆ ಇದನ್ನು ತಿಳಿಸಿ ಹೇಳುವುದು. ನಮಗೆ ತಲೆಮಾರಿನಿಂದ ಸೀರೆ ಕೊಡುತ್ತಿದ್ದ ಹಿರಿಯರೊಬ್ಬರಿದ್ದರು, ನಾನು ಕಾಕಾ ಎಂದೇ ಕರೆಯುತ್ತಿದ್ದೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವುದರಲ್ಲಿ ಅವರ ಮನೆಯವರದು ಎತ್ತಿದ ಕೈ. ಒಂದು ದಿನ ಅಂಗಡಿಗೆ ಬಂದು ಕೇಳಿದರು: “ಮಗಳ, ನಮ್ಮ ಸೀರಿಯೊಳಗ ಏನರ ದೋಷ ಬಂತೇನವಾ?”

“ಇಲ್ರೀ ಕಾಕಾ, ಸೀರಿ ಚೊಲೋನ ಅದಾವು. ದಂಡ ಬಿದ್ದಿದ್ದು ಅಂಗಡಿ ಹೆಸರಿನ ಮ್ಯಾಲ್ರಿ.”

ಅವರು ಮುಂದೆ ಏನೂ ಕೇಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರೋ ದೂರದಲ್ಲಿ ಕೂತು ಕೊಂಡ ಲಿಂಕುಗಳಿಗೆ ಇಲ್ಲಿ ಮಗ್ಗ ನಿಂತಿತ್ತು.

ಮರುದಿನವೇ ಏಜೆನ್ಸಿಯನ್ನು ಬಿಟ್ಟೆವು. ಹೊಸ ಡೊಮೇನನ್ನೂ ಅವರು ತಮ್ಮ ಹೆಸರಿನಲ್ಲೇ ನೋಂದಾಯಿಸಿದ್ದರಿಂದ ಅದನ್ನು ಬಿಡಿಸಿಕೊಳ್ಳುವುದೇ ಒಂದು ಹೋರಾಟವಾಯಿತು. ಅದು ಕೈಗೆ ಬಂದ ಕೂಡಲೇ ರೀಡೈರೆಕ್ಟ್ ತೆಗೆಸಿದೆ. ಹಳೆಯ ವಿಳಾಸ ಸೀರೆಯ ಡಬ್ಬಿಗಳ ಮೇಲೆ, ಚೀಲಗಳ ಮೇಲೆ ಅಚ್ಚಾಗಿತ್ತು. ಅಲ್ಲಿಗೆ ಬಂದವರು ಬರಿಗೈಲಿ ಮರಳಬಾರದೆಂದು ಒಂದೇ ಪುಟ ಉಳಿಸಿ, ಅಂಗಡಿಯ ಫೋನ್ ನಂಬರು ಮತ್ತು ಹೊಸ ಸೈಟಿನ ಲಿಂಕು ಹಾಕಿದೆ. ಆ ಲಿಂಕಿಗೆ ನೋಫಾಲೋ ಗುರುತು ಕೊಟ್ಟೆ. ಓದುವವರು ಅದನ್ನು ಒತ್ತಿ ಹೋಗಬಹುದು, ಆದರೆ ಸರ್ಚ್ ಎಂಜಿನ್ನಿಗೆ ‘ಇದನ್ನು ಮತವೆಂದು ಎಣಿಸಬೇಡ’ ಎಂದು ಹೇಳಿದಂತೆ.

ಆಮೇಲೆ ತೊಳೆಯುವ ಕೆಲಸ. ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿಕೊಂಡು ಒಂದೊಂದೇ ಪುಟ ತೆರೆದು ನೋಡಿದೆ. ಕೆಟ್ಟ ಲಿಂಕು ಕೊಟ್ಟ ಸೈಟಿನವರಿಗೆಲ್ಲ ತೆಗೆಯಿರಿ ಎಂದು ಮೇಲ್ ಬರೆದೆ. ಕೆಲವರು ತೆಗೆದರು. ಹಲವರು ಉತ್ತರಿಸಲಿಲ್ಲ. ಕೆಲವರು ತೆಗೆಯುವುದಕ್ಕೂ ದುಡ್ಡು ಕೇಳಿದರು. ಉಳಿದವುಗಳಿಗೆ ಡಿಸವೌ ಎಂಬ ಉಪಕರಣವಿದೆ, ಗೂಗಲ್ ಅದನ್ನು 2012ರ ಅಕ್ಟೋಬರಿನಲ್ಲಿ ತಂದಿತು. ಈ ಸೈಟುಗಳ ಲಿಂಕನ್ನು ನಮ್ಮ ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸಾದಾ ಪಠ್ಯದ ಕಡತದಲ್ಲಿ ಬರೆದು ಸಲ್ಲಿಸಬೇಕು. ರೀಡೈರೆಕ್ಟ್ ಮೂಲಕ ಹೊಸ ಡೊಮೇನಿಗೂ ಆ ಲಿಂಕುಗಳು ತಗುಲಿಕೊಂಡಿದ್ದರಿಂದ ಎರಡೂ ಹೆಸರಿಗೆ ಸಲ್ಲಿಸಿದೆ. ಬರೆದ ಮೇಲ್‌ಗಳ ದಾಖಲೆ ಜೋಡಿಸಿ, ಮರುಪರಿಶೀಲನೆಗೆ ಮನವಿ ಕಳಿಸಿದೆ. ಮೊದಲು ತಿರಸ್ಕರಿಸಿದರು, ಇನ್ನೂ ಉಳಿದಿರುವ ಕೆಲವು ಲಿಂಕುಗಳನ್ನು ಉದಾಹರಣೆಯಾಗಿ ತೋರಿಸಿದರು. ಮತ್ತೆ ಪಟ್ಟಿ ಹಿಡಿದು ಕೂತೆ. ಕೊನೆಗೆ ಎರಡೂ ಹೆಸರಿನ ಮೇಲಿನ ಕ್ರಮವನ್ನು ಹಿಂತೆಗೆದುಕೊಂಡರು.

ದಂಡ ಹೋದರೂ ಹಳೆಯ ಸ್ಥಾನ ಮರಳಲಿಲ್ಲ. ಆ ಸ್ಥಾನಕ್ಕೆ ನಮ್ಮನ್ನು ಎತ್ತಿದ್ದೇ ಆ ಕೊಂಡ ಲಿಂಕುಗಳು, ಅವು ಹೋದ ಮೇಲೆ ಅದು ಉಳಿಯುವುದು ಹೇಗೆ? ಆಗ ಯಂತ್ರದ ಲೆಕ್ಕದಲ್ಲಿ ಸಿಕ್ಕಿಬಿದ್ದವರ ಪಾಡು ಇನ್ನೂ ಕಷ್ಟದ್ದಾಗಿತ್ತು. ಪೆಂಗ್ವಿನ್ 2014ರ ಅಕ್ಟೋಬರಿನಲ್ಲಿ ಹೊಸದಾದ ಮೇಲೆ 2016ರ ಸೆಪ್ಟೆಂಬರಿನಲ್ಲಷ್ಟೇ ಮತ್ತೆ ಹೊಸದಾಯಿತು. ಸೈಟು ಶುದ್ಧ ಮಾಡಿಕೊಂಡವರೂ ಆ ಲೆಕ್ಕ ಮತ್ತೆ ಹೊಸದಾಗುವ ತನಕ, ನಡುವಿನ ಸುಮಾರು ಎರಡು ವರ್ಷ, ಕಾಯಬೇಕಾಯಿತು. ಅಂಥದರಲ್ಲಿ ಕೂಲಿ ಕೊಡಬೇಕಾದ ಎಷ್ಟು ಸಣ್ಣ ಉದ್ಯೋಗಗಳು ಉಳಿದಿದ್ದಾವು?

ನಮ್ಮನ್ನು ಉಳಿಸಿದ್ದು ಹಳೆಯ ಗಿರಾಕಿಗಳು. ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕಳಿಸಿ ಮಾರಿದೆವು, ಪ್ರದರ್ಶನಗಳಿಗೆ ಗಂಟು ಹೊತ್ತುಕೊಂಡು ಹೋದೆವು. ಸೈಟಿನಲ್ಲಿ ಕುಣಿಮಗ್ಗದ ಕೆಲಸ, ಅಂಚಿನ ಬಗೆಗಳು, ಕೊಂಡಿ ಹಾಕುವ ರೀತಿಯನ್ನು ನೇಕಾರರಿಂದಲೇ ಕೇಳಿ ಬರೆದೆ. ಜವಳಿ ಓದುವ ವಿದ್ಯಾರ್ಥಿಗಳು ಅದನ್ನು ಹಂಚಿಕೊಂಡರು. ಕೇಳದೆ ಬಂದ ಆ ಲಿಂಕುಗಳಿಂದ ಹೊಸ ಸೈಟು ನಿಧಾನಕ್ಕೆ ಮೇಲೆದ್ದಿತು.

ನನ್ನಂತೆ ಅಂಗಡಿ ನಡೆಸುವವರಿಗೆ ಹೇಳುವುದಿಷ್ಟು. ಡೊಮೇನ್ ಮತ್ತು ಎಲ್ಲ ಖಾತೆಗಳು ನಿಮ್ಮ ಹೆಸರಿನಲ್ಲೇ ಇರಲಿ. ಏಜೆನ್ಸಿ ಎಲ್ಲೆಲ್ಲಿ ಲಿಂಕು ಹಾಕಿಸುತ್ತಿದೆ ಎಂಬ ಪಟ್ಟಿಯನ್ನು ತಿಂಗಳು ತಿಂಗಳು ಬರವಣಿಗೆಯಲ್ಲಿ ಕೇಳಿ. ದಂಡ ಬಿದ್ದರೆ ಹೊಸ ಹೆಸರಿಗೆ ಓಡುವ ಮೊದಲು ಹಳೆಯದನ್ನು ತೊಳೆಯಿರಿ. ಲಿಂಕು ಕೊಂಡು ಪರರ ಸೈಟು ಮೇಲೆತ್ತುವ ಕಸುಬಿನವರಿಗೂ ಒಂದು ಮಾತಿದೆ: ನಿಮಗೆ ತಿಂಗಳ ಹಣ ಸಂದಿರುತ್ತದೆ. ನಷ್ಟವನ್ನು ಹೊರುವವರು ಇಂಟರ್ನೆಟ್ಟನ್ನು ಎಂದೂ ತೆರೆದು ನೋಡದ, ಒಂದು ಎಳೆಯನ್ನೂ ತಪ್ಪಾಗಿ ನೇಯದ ಜನ.