ಜಾರಿದ ಚೆಂಡು

ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿದರೆ ಸಾಕು, ನಮ್ಮ ಕಾಸರಗೋಡಿನ ಊರೂರಲ್ಲಿ ಅಡಿಕೆ ಮರದ ಗೋಲುಕಂಬಗಳು ಎದ್ದು ನಿಲ್ಲುತ್ತವೆ. ಕಾಲ್ಚೆಂಡು ಕಂಡರೆ ನಮ್ಮ ಮಕ್ಕಳಿಗೆ ಹಸಿವಿನ ನೆನಪೂ ಇರುವುದಿಲ್ಲ. ಅಮೆರಿಕದವರಿಗೂ ‘ಫುಟ್‌ಬಾಲ್’ ಎಂಬ ಒಂದು ಆಟವುಂಟು. ಆದರೆ ಅದು ನಾವು ಬಲ್ಲ ಆಟವಲ್ಲ. ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಕೈಯಿಂದಲೇ ಎಸೆಯುತ್ತಾರೆ. ಕಾಲು ಹೆಚ್ಚಾಗಿ ಹೆಸರಿಗೆ ಮಾತ್ರ! ನೂರು ಗಜದ ಆ ಬಯಲಿನಲ್ಲಿ ಒದೆಯುವುದಕ್ಕೆಂದೇ ಒಬ್ಬನಿರುತ್ತಾನೆ. ಅವನು ಆಟದ ಬಹುಪಾಲು ಹೊತ್ತು ಹೊರಗೇ ಕುಳಿತಿರಬೇಕು. ಕರೆ ಬಂದಾಗ ಒಳಹೊಕ್ಕು, ಹತ್ತಡಿ ಎತ್ತರದ ಅಡ್ಡಪಟ್ಟಿಯ ಮೇಲಿನಿಂದ, ಎರಡು ಕಂಬಗಳ ನಡುವೆ ಚೆಂಡನ್ನು ಹಾರಿಸಬೇಕು. ಹಾರಿತೆಂದರೆ 3 ಅಂಕ. ತಪ್ಪಿತೆಂದರೆ ಇಡೀ ಮೈದಾನದ ಕಣ್ಣು ಅವನೊಬ್ಬನ ಮೇಲೆ.

ಅಂತಹ ಒದೆಗಾರನೊಬ್ಬನ ಕತೆ ನಮ್ಮ ಮನಸ್ಸನ್ನು ಬಹಳ ಕಾಲದಿಂದ ಕಾಡುತ್ತಿದೆ. ಅವನ ಹೆಸರು ಗಾರೊ ಯೆಪ್ರೆಮಿಯನ್. ಅವನು ಹುಟ್ಟಿದ್ದು 1944ರಲ್ಲಿ, ಸೈಪ್ರಸ್ ದ್ವೀಪದ ಲಾರ್ನಾಕಾ ಪಟ್ಟಣದಲ್ಲಿ. ಗ್ರೀಕ್, ತುರ್ಕಿ ಭಾಷೆಗಳ ಆ ನಾಡಿನಲ್ಲಿ ಅವನ ಮನೆಯವರು ಆರ್ಮೇನಿಯನ್ನರು. ಅಲ್ಲಿಂದ ಲಂಡನ್ನಿಗೆ ಹೋಗಿ ನಮ್ಮಂತೆಯೇ ದುಂಡು ಚೆಂಡನ್ನು ಒದೆಯುತ್ತ ಬೆಳೆದ. ಅಣ್ಣ ಕ್ರಿಕೋರ್ ಅಮೆರಿಕದಲ್ಲಿ ಓದುತ್ತಿದ್ದ. ತಮ್ಮನನ್ನು ಅಲ್ಲಿಗೆ ಕರೆಸಿಕೊಂಡವನು ಅವನೇ. 1966ರಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡ ಗಾರೊನನ್ನು ಸೇರಿಸಿಕೊಂಡಿತು.

ಅಲ್ಲಿಯವರೆಗೆ ಅಮೆರಿಕದ ಒದೆಗಾರರು ಚೆಂಡಿನ ನೇರ ಹಿಂದಿನಿಂದ ಓಡಿ ಬಂದು ಕಾಲಿನ ತುದಿಯಿಂದ ಒದೆಯುತ್ತಿದ್ದರು. 1956ರ ದಂಗೆಯ ಬಳಿಕ ಹಂಗೇರಿಯನ್ನು ಬಿಟ್ಟು ಬಂದ ಪೀಟ್ ಗೊಗೊಲಾಕ್ ಎಂಬವನು 1964ರಲ್ಲಿ, ಓರೆಯಾಗಿ ಬಂದು ಪಾದದ ಮೇಲ್ಭಾಗದಿಂದ ಒದೆಯುವ ನಮ್ಮ ಕಾಲ್ಚೆಂಡಿನ ಕ್ರಮವನ್ನು ಅಲ್ಲಿನ ವೃತ್ತಿಪರ ಆಟಕ್ಕೆ ತಂದ. ಗಾರೊನದೂ ಅದೇ ಕ್ರಮ. ಬಂದ ವರ್ಷವೇ, ನವೆಂಬರ್ 13ರಂದು, ಮಿನ್ನೆಸೋಟ ತಂಡದ ಎದುರು ಒಂದೇ ಆಟದಲ್ಲಿ ಆರು ಸಲ ಚೆಂಡನ್ನು ಕಂಬಗಳ ನಡುವೆ ಹಾರಿಸಿದ. ಆಗ ಅದು ದಾಖಲೆ.

ಆದರೂ ಜನ ನಕ್ಕರು. ಆಳು ಗಿಡ್ಡ, ತಲೆ ಬೋಳು, ಮಾತಿನಲ್ಲಿ ಪರದೇಶದ ಧಾಟಿ. ಅವನ ಉಚ್ಚಾರಣೆಯನ್ನು ಅಣಕಿಸಿ ಅವನ ತಂಡದವನೇ ಒಬ್ಬ ಕಟ್ಟಿದ ನಗೆಹನಿ ದೇಶವನ್ನೆಲ್ಲ ಸುತ್ತಿತು. ಇದನ್ನು ಓದುವಾಗ ನಮಗೆ ನಮ್ಮದೇ ನೆನಪಾಯಿತು. ಅರ್ಧ ಕನ್ನಡದಲ್ಲಿ, ಅರ್ಧ ಮಲಯಾಳದಲ್ಲಿ ಕಲಿತವರು ನಾವು. ಶಿಕ್ಷಕ ತರಬೇತಿಯ ದಿನಗಳಲ್ಲಿ ಎದ್ದು ನಿಂತು ಮಲಯಾಳದ ಒಂದು ವಾಕ್ಯ ಹೇಳಿದರೆ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂಬ ಸದ್ದು. ಆ ಸದ್ದು ಕಿವಿಯಿಂದ ಹೋಗಲು ವರ್ಷಗಳು ಬೇಕಾದವು.

ಗಾರೊ 1970ರಲ್ಲಿ ಮಯಾಮಿ ಡಾಲ್ಫಿನ್ಸ್ ತಂಡಕ್ಕೆ ಬಂದ. 1971ರ ಕ್ರಿಸ್‌ಮಸ್ ದಿನ ಕಾನ್ಸಾಸ್ ಸಿಟಿಯಲ್ಲಿ ನಡೆದ ಆಟ ನಿಗದಿಯಾದ 60 ನಿಮಿಷಕ್ಕೆ ಮುಗಿಯದೆ 82 ನಿಮಿಷ 40 ಸೆಕೆಂಡುಗಳವರೆಗೆ ಬೆಳೆಯಿತು. ಎದುರು ತಂಡದ ಒದೆಗಾರ ನಾರ್ವೆಯಲ್ಲಿ ಹುಟ್ಟಿದ ಯಾನ್ ಸ್ಟೆನೆರುಡ್, ಹೆಸರಾಂತ ಆಟಗಾರ. ಅಂದು ಅವನ ಗುರಿ ತಪ್ಪಿತು. 37 ಗಜ ದೂರದಿಂದ ಗಾರೊ ಒದ್ದ ಚೆಂಡು ತಪ್ಪಲಿಲ್ಲ. ಮಯಾಮಿ ಗೆದ್ದಿತು. ಆದರೆ ಇಲ್ಲಿಯೇ ಇನ್ನೊಂದು ಮಾತು ಹೇಳಬೇಕು: ಅಂದು ತಪ್ಪಿದ ಆ ಸ್ಟೆನೆರುಡ್‌ಗೆ 1991ರಲ್ಲಿ ಅವರ ಕೀರ್ತಿಮಂದಿರದಲ್ಲಿ ಸ್ಥಾನ ದೊರೆಯಿತು. ಒಂದು ದಿನದ ತಪ್ಪು ಒಬ್ಬನ ಇಡೀ ಲೆಕ್ಕವಲ್ಲ.

ಇನ್ನು 1973ರ ಜನವರಿ 14. ಲಾಸ್ ಏಂಜಲೀಸಿನಲ್ಲಿ ಏಳನೆಯ ಸೂಪರ್ ಬೌಲ್. ಆ ಋತುವಿನಲ್ಲಿ ಮಯಾಮಿ ಒಂದು ಆಟವನ್ನೂ ಸೋತಿರಲಿಲ್ಲ. ವಾಷಿಂಗ್ಟನ್ ವಿರುದ್ಧ 14–0 ಮುನ್ನಡೆ. ಉಳಿದದ್ದು ಎರಡು ಚಿಲ್ಲರೆ ನಿಮಿಷ. ಗಾರೊ ಒದ್ದ ಚೆಂಡು ಎದುರಾಳಿಯ ಕೈಗೆ ಬಡಿದು ಹಿಂದಕ್ಕೆ ಪುಟಿಯಿತು. ಅದರ ಮೇಲೆ ಬಿದ್ದು ಅವುಚಿಕೊಂಡಿದ್ದರೆ ಮುಗಿಯುತ್ತಿತ್ತು. ಬದಲಿಗೆ ಅವನು ಅದನ್ನೆತ್ತಿ ಎಸೆಯಲು ಹೊರಟ. ಎಂದೂ ಎಸೆದು ರೂಢಿಯಿಲ್ಲದ ಕೈ, ಚೆಂಡು ಜಾರಿತು. ಗಾಳಿಯಲ್ಲಿದ್ದುದನ್ನು ಮತ್ತೆ ತಟ್ಟಿದ. ಅದು ನೇರ ಮೈಕ್ ಬಾಸ್ ಎಂಬ ಎದುರಾಳಿಯ ಕೈಸೇರಿತು. ಅವನು 49 ಗಜ ಓಡಿ ಅಂಕ ಗಳಿಸಿದ. ಮಯಾಮಿ ಹೇಗೋ 14–7ರಿಂದ ಉಳಿದುಕೊಂಡು, 17 ಆಟಗಳನ್ನೂ ಗೆದ್ದ ತಂಡವೆನಿಸಿತು. ಆದರೆ ಜನರಿಗೆ ನೆನಪುಳಿದದ್ದು ಆ ಜಾರಿದ ಚೆಂಡು.

ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಶಾಲೆಯ ತಂಡ ಉಪಜಿಲ್ಲಾ ಪಂದ್ಯದಲ್ಲಿ ಆಡುತ್ತಿತ್ತು. ನಮ್ಮ ಗೋಲಿ ಎಂಟನೆಯ ತರಗತಿಯ ಹುಡುಗ. ಚೆಂಡನ್ನು ಚೆನ್ನಾಗಿಯೇ ಹಿಡಿದ. ಹಿಡಿದದ್ದನ್ನು ಗಡಿಬಿಡಿಯಲ್ಲಿ ಎಸೆದದ್ದು ಎದುರಾಳಿಯ ಕಾಲಬುಡಕ್ಕೆ. ಗೋಲಾಯಿತು. ಮೈದಾನವೆಲ್ಲ ನಕ್ಕಿತು. ಹೇಳಲು ನಾಚಿಕೆಯಾಗುತ್ತದೆ, ನಾವೂ ನಕ್ಕೆವು. ಮರುದಿನ ಶಾಲೆಯಲ್ಲಿ ಅವನಿಗೊಂದು ಅಡ್ಡಹೆಸರು ಬಿತ್ತು. ಹಿಂದಿನ ಬೆಂಚಿನ ಸದ್ದನ್ನು ಬಲ್ಲ ನಾವೇ ಅದನ್ನು ಕೇಳಿಯೂ ಕೇಳದವರಂತಿದ್ದೆವು. ಹುಡುಗ ಆಮೇಲೆ ಮೈದಾನಕ್ಕೆ ಇಳಿಯಲಿಲ್ಲ.

ಗಾರೊನೂ ಆ ದಿನಗಳಲ್ಲಿ ಕುಗ್ಗಿಹೋಗಿದ್ದ. ಆಗ ಅವನಿಗೊಂದು ಕಾಗದ ಬಂತು. ನಿನ್ನಿಂದ ತಂಡಕ್ಕೆ ಆದ ಉಪಕಾರ ದೊಡ್ಡದು, ಎದೆಗುಂದಬೇಡ ಎಂಬ ಧೈರ್ಯದ ಮಾತು. ಕೆಳಗೆ ತರಬೇತುಗಾರ ಡಾನ್ ಶೂಲಾರ ಸಹಿ. ಅವನು ಚೇತರಿಸಿಕೊಂಡ. 1981ರವರೆಗೆ ಆಡಿದ, 1970ರ ದಶಕದ ಶ್ರೇಷ್ಠ ಆಟಗಾರರ ತಂಡದಲ್ಲಿ ಅವನ ಹೆಸರು ಸೇರಿತು. ಬಳಿಕ ಊರೂರಿಗೆ ಹೋಗಿ ಭಾಷಣ ಮಾಡುತ್ತ, ಆ ಜಾರಿದ ಚೆಂಡಿನ ಕತೆಯನ್ನು ತಾನೇ ಹೇಳಿ ಜನರನ್ನು ನಗಿಸುತ್ತಿದ್ದ. ಹಲವು ವರ್ಷಗಳ ಮೇಲೆ ಶೂಲಾರಿಗೆ ಆ ಕಾಗದಕ್ಕಾಗಿ ಕೃತಜ್ಞತೆ ಹೇಳಿದಾಗ, ತಾವು ಅಂತಹ ಕಾಗದ ಬರೆದೇ ಇಲ್ಲವೆಂದರು ಅವರು! ಗಂಡನ ಹೆಸರಿನಲ್ಲಿ ಅದನ್ನು ಬರೆದು ಹಾಕಿದ್ದವರು ಅವರ ಪತ್ನಿ ಡೊರೊತಿ. ಗಾರೊ 2015ರ ಮೇ 15ರಂದು ತೀರಿಕೊಂಡ.

ಕಳೆದ ಜೂನಿನಲ್ಲಿ ನಮ್ಮ ಹಳೆಯ ಗೋಲಿ ತನ್ನ ಮಗನನ್ನು ಐದನೆಯ ತರಗತಿಗೆ ಸೇರಿಸಲು ಬಂದಿದ್ದ. ಅರ್ಜಿಗೆ ಸಹಿ ಹಾಕಿ, ನಗುತ್ತಲೇ ಹೇಳಿದ: “ಮಾಷ್ಟ್ರೇ, ಇವನಿಗೆ ಚೆಂಡೆಂದರೆ ಜೀವ. ಎಲ್ಲಿ ಬೇಕಾದರೂ ಆಡಿಸಿ. ಗೋಲಿಗೆ ಮಾತ್ರ ನಿಲ್ಲಿಸಬೇಡಿ.”

ನಮಗೆ ಉತ್ತರ ತೋಚಲಿಲ್ಲ. ಇಪ್ಪತ್ತು ವರ್ಷ ಕಳೆದರೂ ಆ ನಗು ಅವನ ಕಿವಿಯಿಂದ ಹೋಗಿರಲಿಲ್ಲ. ಅಂದು ನಾಲ್ಕು ಸಾಲು ಬರೆದು ಅವನ ಪುಸ್ತಕದಲ್ಲಿಟ್ಟಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು? ಕಾಗದಕ್ಕೂ ಬರವಿರಲಿಲ್ಲ, ಶಾಯಿಗೂ ಬರವಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಗೆಳೆಯನ ಕೈಯಿಂದ ಚೆಂಡು ಜಾರಿದ ದಿನ ಸಂಜೆ ಅವನೊಡನೆ ಮನೆಯವರೆಗೆ ನಡೆದು ಹೋಗಿ. ಹೆಚ್ಚೇನೂ ಹೇಳಬೇಕಾಗಿಲ್ಲ. ಮರುದಿನ ಅವನನ್ನು ಮತ್ತೆ ಆಟಕ್ಕೆ ಕರೆಯಿರಿ. ಈ ಸಂಚಿಕೆಯ ಒಂದು ಪ್ರತಿ ಐದನೆಯ ತರಗತಿಯ ಆ ಹುಡುಗನ ಚೀಲದಲ್ಲಿ ಅವನ ಮನೆಗೂ ಹೋಗುತ್ತದೆ. ಅವನ ತಂದೆ ಈ ಲೇಖನವನ್ನು ತಡವಾಗಿ ಬಂದ ಕಾಗದವೆಂದು ಓದಿಕೊಳ್ಳಲಿ.