ಚಾದ ಸರದಿ

2016ರಿಂದ 2022ರವರೆಗೆ ನಮ್ಮೂರ ಸಿ.ಎಸ್.ಐ. ದೇವಾಲಯದ ಸ್ತ್ರೀಯರ ಅನ್ಯೋನ್ಯ ಕೂಟವನ್ನು ನಡೆಸುವ ಕೆಲಸ ನನ್ನ ಪಾಲಿಗಿತ್ತು. ಅಧ್ಯಕ್ಷ ಸ್ಥಾನ ನಮ್ಮಲ್ಲಿ ವಾಡಿಕೆಯಂತೆ ಸಭಾಪಾಲಕರ ಪತ್ನಿಯದು. ಓಡಾಟ, ಲೆಕ್ಕ, ಬೈಸಿಕೊಳ್ಳುವುದು ಕಾರ್ಯದರ್ಶಿಯದು! ಎಸ್ಸೆಸ್ಸೆಲ್ಸಿ ಓದಿದ ನನ್ನಿಂದ ಇದಾಗುತ್ತದೆಯೇ ಎಂದು ಮನೆಯವರು ನಕ್ಕಿದ್ದರು.

ಕೂಟವೆಂದರೆ ಹಾಡು, ಪ್ರಾರ್ಥನೆ ಅಷ್ಟೇ ಎಂದು ಹೊರಗಿನವರ ಎಣಿಕೆ. ಮಾರ್ಚ್ ತಿಂಗಳ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನಕ್ಕೆ ವರ್ಷಕ್ಕೊಂದು ದೇಶದ ಸ್ತ್ರೀಯರು ಆರಾಧನೆಯ ಕ್ರಮ ಬರೆಯುತ್ತಾರೆ. 2018ರಲ್ಲಿ ಸುರಿನಾಮಿನವರ ಸರದಿ. ಅದು ಎಲ್ಲಿದೆ ಎಂದು ಹುಡುಕಲು ಮಗಳ ಅಟ್ಲಾಸ್ ಬೇಕಾಯಿತು. ಬೆಳೆ ಹಬ್ಬದ ಏಲಂಗೆ ತೆಂಗಿನಕಾಯಿ, ಬಸಳೆ, ಉಪ್ಪಿನಕಾಯಿ ಒಟ್ಟು ಮಾಡುವುದೂ ನಾವೇ. ಇದೆಲ್ಲ ಹೇಗೋ ಆಗುತ್ತಿತ್ತು. ಕಷ್ಟವಾದದ್ದು ಚಾದ ವಿಷಯ!

ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಟ. ಮೊದಲೆಲ್ಲ ಚಾ, ಬಿಸ್ಕತ್ತು ಇರುತ್ತಿತ್ತು. ಬರಬರುತ್ತಾ ಪತ್ರೊಡೆ ಬಂತು, ಕೇಕು ಬಂತು, ಕಟ್ಲೆಟ್ಟೂ ಬಂತು. ಒಬ್ಬರಿಗಿಂತ ಒಬ್ಬರದು ಮೇಲು. ಬೀಡಿ ಕಟ್ಟಿ ಸಂಸಾರ ತೂಗಿಸುವ ನಮ್ಮ ಸದಸ್ಯೆಯೊಬ್ಬಳು ತನ್ನ ಸರದಿ ಹತ್ತಿರವಾದಂತೆ ಬರುವುದನ್ನೇ ಬಿಟ್ಟಳು. ಒಮ್ಮೆ ಬೆನ್ನುನೋವು, ಇನ್ನೊಮ್ಮೆ ಮಗುವಿಗೆ ಜ್ವರ. ಒಂದು ಸಂಜೆ ಅವಳ ಮನೆಗೆ ಹೋದೆ. ಮಡಿಲಲ್ಲಿ ಗೆರಸೆ, ಕೈ ನಿಲ್ಲಲಿಲ್ಲ.

“ನಿಮ್ಮ ಹಾಗೆ ಕೊಡ್ಲಿಕ್ಕೆ ನನ್ನಿಂದಾಗುದಿಲ್ಲ ಅಕ್ಕಾ. ಇಷ್ಟು ಜನ ಬಂದ್ರೆ ಕೂರ್ಲಿಕ್ಕೆ ಜಾಗವಾದ್ರೂ ಬೇಡ್ವಾ?” ಅಂದಳು.

ಮುಂದಿನ ಕೂಟದಲ್ಲಿ, ಚಾದ ಜೊತೆ ಒಂದೇ ತಿನಿಸು, ಅದೂ ಬಾಳೆಹಣ್ಣೋ ಬಿಸ್ಕತ್ತೋ ಸಾಕು ಎಂದೆ. ಅಬ್ಬಾ, ಎಷ್ಟು ಸಿಟ್ಟು! “ಪ್ರೀತಿಯಿಂದ ಮಾಡುವುದನ್ನು ಬೇಡ ಅನ್ನಲು ನೀವ್ಯಾರು?” ಎಂದರು ಒಬ್ಬರು. ಅವರದ್ದೂ ಸುಳ್ಳಲ್ಲ. ನಾಲ್ಕು ಜನಕ್ಕೆ ಮಾಡಿ ಬಡಿಸುವುದು ನಮಗೆ ಸಿಗುವ ದೊಡ್ಡ ಸಂತೋಷ ತಾನೇ?

ಮೇಜಿನ ಮೇಲೆ ‘ಅತಿ ಸಣ್ಣ ನಾಣ್ಯ’ದ ಡಬ್ಬಿ ಇತ್ತು. 1956ರಲ್ಲಿ ನಮ್ಮ ದೇಶದವರೇ ಆದ ಶಾಂತಿ ಸಾಲೊಮನ್ ಎಂಬವರಿಗೆ ಕೊರಿಯಾಕ್ಕೆ ಹೋಗಲು ವೀಸಾ ಸಿಗಲಿಲ್ಲ. ಜೊತೆಯವರು ಮುಂದೆ ಹೋದರು, ಇವರು ಮನಿಲಾದಲ್ಲಿ ಉಳಿದರು. ಪ್ರಾರ್ಥನೆಗೆ ವೀಸಾ ಬೇಡವಲ್ಲ! ಪ್ರಾರ್ಥಿಸುವಾಗಲೆಲ್ಲ ತಂತಮ್ಮ ದೇಶದ ಅತಿ ಸಣ್ಣ ನಾಣ್ಯವನ್ನು ತೆಗೆದಿಡುವ ಕ್ರಮ ಅಲ್ಲಿಂದ ಹುಟ್ಟಿತು. ಸಾಹುಕಾರ್ತಿಯೂ ಅಷ್ಟೇ, ಕೂಲಿಯವಳೂ ಅಷ್ಟೇ. ನಾಲ್ಕಾಣೆ 2011ರಲ್ಲಿ ರದ್ದಾಯಿತು, ಎಂಟಾಣೆ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ನಾವು ರೂಪಾಯಿ ಹಾಕುತ್ತೇವೆ.

ಆ ಡಬ್ಬಿ ತೋರಿಸಿ, “ಇದಕ್ಕೆ ಹಾಕುವಾಗ ಎಲ್ಲರೂ ಸಮ, ಚಾ ಕುಡಿಯುವಾಗ ಬೇರೆಯೋ?” ಅಂದೆ. ಯಾರೂ ಮಾತಾಡಲಿಲ್ಲ. ಕೈ ಎತ್ತಿಸಿದಾಗ ಮೂರು ಮತ ಹೆಚ್ಚು ಬಂತು. ಇಬ್ಬರು ಕೂಟಕ್ಕೆ ಬರುವುದನ್ನು ನಿಲ್ಲಿಸಿದರು. ಒಬ್ಬರು ತಿರುಗಿ ಬಂದರು, ಇನ್ನೊಬ್ಬರು ಇಂದಿಗೂ ಬಂದಿಲ್ಲ. ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಅದು ನನಗೆ ನೋವೇ.

ಬೀಡಿ ಕಟ್ಟುವ ತಂಗಿಯ ಸರದಿ ಬಂದಾಗ ಅಂಗಳದಲ್ಲಿ ಚಾಪೆ ಹಾಸಿದ್ದಳು. ಚಾ, ಬಾಳೆಹಣ್ಣು. ಅಷ್ಟು ವರ್ಷ ಬಾಯಿ ಬಿಡದವಳು ಅಂದು ತಾನೇ ಪ್ರಾರ್ಥನೆ ಮಾಡಿದಳು, ತುಳುವಿನಲ್ಲಿ.

ಈಗ ಕಾರ್ಯದರ್ಶಿ ಬೇರೆಯವರು. ಮೊನ್ನೆ ಒಂದು ಮನೆಯಲ್ಲಿ ಬಾಳೆಹಣ್ಣಿನ ಪಕ್ಕ ಮೆಲ್ಲಗೆ ಕಟ್ಲೆಟ್ಟೂ ಬಂದು ಕೂತಿತ್ತು. ನಾನು ಬಾಳೆಹಣ್ಣು ತೆಗೆದುಕೊಂಡು ಹೊಸ ಕಾರ್ಯದರ್ಶಿಯ ಮುಖ ನೋಡಿದೆ.